ಲ್ಯಾಬಿನಲ್ಲಿ ಬೆಳೆಸಿದ ಚರ್ಮ: ಗುಳ್ಳೆ ರೋಗದ ಮಕ್ಕಳ ಪೋಷಕರ ಗುಂಪಿನ ಪ್ರಶ್ನೆಗಳು, ಚರ್ಮವೈದ್ಯೆಯ ಉತ್ತರ

ಹಾಸನದ ತಾಯಿ: ನಮಸ್ತೆ ಮೇಡಂ. ಮಗನಿಗೆ 2 ವರ್ಷ. ಎತ್ತಿಕೊಂಡರೂ ಸಾಕು, ಗುಳ್ಳೆ ಏಳುತ್ತದೆ. ಎಪಿಡರ್ಮೊಲೈಸಿಸ್ ಬುಲೋಸಾ, ಅಂದರೆ ಹುಟ್ಟಿನಿಂದ ಬರುವ ಗುಳ್ಳೆ ರೋಗ ಅಂದಿದ್ದಾರೆ. ಒಂದು ಕ್ಲಿನಿಕ್‌ನವರು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಹೊಸ ಚರ್ಮ ಬರುತ್ತದೆ, ಜರ್ಮನಿಯ ಹುಡುಗನಿಗೂ ಹಾಗೇ ಮಾಡಿದ್ದು ಅಂತಾರೆ. ಮುಂಗಡ ಕಟ್ಟಲಾ?

ಡಾಕ್ಟರ್: ಕಟ್ಟಬೇಡಿ ಅಮ್ಮಾ. ಅಲ್ಲಿ ಇಂಜೆಕ್ಷನ್ ಕೊಟ್ಟಿಲ್ಲ. ಆ ಹುಡುಗ ಸಿರಿಯಾದವನು; 2015ರಲ್ಲಿ ಜರ್ಮನಿಯ ಬೋಖುಮ್ ಆಸ್ಪತ್ರೆಗೆ ಬಂದಾಗ ಅವನಿಗೆ 7 ವರ್ಷ. ಮೈಯ ಹೆಚ್ಚುಪಾಲು ಚರ್ಮ ಕಿತ್ತುಹೋಗಿತ್ತು. ತೊಡೆಸಂದಿನಲ್ಲಿ ಗುಳ್ಳೆ ಏಳದೆ ಉಳಿದ ಜಾಗದಿಂದ 4 ಚದರ ಸೆಂಟಿಮೀಟರ್ ಚರ್ಮ ತೆಗೆದರು. ಇಟಲಿಯ ಮೊಡೆನಾದಲ್ಲಿ ಮಿಕೆಲೆ ದೆ ಲೂಕಾ ಅವರ ತಂಡ ಆ ಜೀವಕೋಶಗಳಿಗೆ ವೈರಸ್ ಮೂಲಕ ಅವನಲ್ಲಿ ಕೆಟ್ಟಿದ್ದ ಎಲ್‌ಎಎಂಬಿ3 ಎಂಬ, ಚರ್ಮದ ಪದರಗಳನ್ನು ಅಂಟಿಸಿಡುವ ಜೀನಿನ ಸರಿಯಾದ ಪ್ರತಿ ಸೇರಿಸಿ, ಹಾಳೆ ಹಾಳೆಯಾಗಿ ಬೆಳೆಸಿತು. ಅವನ್ನು ಹಂತ ಹಂತವಾಗಿ ಕಸಿ ಮಾಡಿ ಮೈಯ ಸುಮಾರು 80% ಮುಚ್ಚಿದರು.

ಚರ್ಮ ಉದುರುತ್ತಾ, ಹೊಸದಾಗುತ್ತಾ ಇರುತ್ತದೆ ಅಲ್ವಾ? ಆದರೂ ಕಸಿ ಉಳಿಯಿತು. ಯಾಕೆಂದರೆ ಸರಿಯಾದ ಜೀನ್ ಹೊತ್ತ ಕೆಲವೇ ತಾಯಿಕೋಶಗಳು (ಸ್ಟೆಮ್ ಸೆಲ್) ಒಳಗಿದ್ದು ಮೇಲಿನ ಪದರ ಹುಟ್ಟಿಸುತ್ತಲೇ ಇವೆ. ಯಾವ ಜೀನ್ ಕೆಟ್ಟಿದೆ ಅಂತ ಗೊತ್ತಿಲ್ಲದೆ ಇದ್ಯಾವುದೂ ಆಗಲ್ಲ. ಮೊದಲು ಮಗುವಿನ ಜೀನ್ ಪರೀಕ್ಷೆ ಮಾಡಿಸಿ.

ತುಮಕೂರಿನ ತಂದೆ: ಮೇಡಂ, ಅಮೆರಿಕದ ಜೆಲ್ ನಮ್ಮ ಮಗಳಿಗೆ ಆಗುತ್ತಾ? ಖರ್ಚೆಷ್ಟು?

ಡಾಕ್ಟರ್: ಅದು ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕ, ಗಾಯಕ್ಕೆ ಹಚ್ಚುವ ಜೀನ್ ಚಿಕಿತ್ಸೆಯ ಜೆಲ್. ಚರ್ಮದ ಪದರಗಳನ್ನು ಹಿಡಿದಿಡುವ ಕೊಲಾಜನ್ 7 ಎಂಬ ಪ್ರೋಟೀನಿನ ಜೀನ್ ಕೆಟ್ಟವರಿಗೆ ಮಾತ್ರ. ಪರೀಕ್ಷೆಯ ರಿಪೋರ್ಟ್ ತೋರಿಸಿ.

ಮೈಸೂರಿನ ಸದಸ್ಯರು: ಕತ್ತೆ ಹಾಲು, ಅರಿಶಿನ ಕಲಸಿ ಹಚ್ಚಿದರೆ 21 ದಿನದಲ್ಲಿ ವಾಸಿ. ಎಲ್ಲರಿಗೂ ಕಳಿಸಿ.

ಡಾಕ್ಟರ್: ಯಾರಿಗೂ ಕಳಿಸಬೇಡಿ. ಹಸಿ ಗಾಯಕ್ಕೆ ಹಸಿ ಹಾಲು ಹಚ್ಚಿದರೆ ಸೋಂಕು ರಕ್ತಕ್ಕೆ ಏರಬಹುದು. ಈ ರೋಗದ ಎಷ್ಟೋ ಮಕ್ಕಳ ಜೀವ ಹೋಗುವುದು ಹೀಗೆ.

ಮೈಸೂರಿನ ಸದಸ್ಯರು: ನಮ್ಮ ಅಜ್ಜಿ ಕಾಲದ ಮದ್ದು ಮೇಡಂ.

ಬಳ್ಳಾರಿಯ ಸದಸ್ಯರು: ಅಕ್ಕನ ಮಗಳನ್ನೇ ಮದುವೆಯಾದರೆ ಇನ್ನೇನಾಗುತ್ತೆ.

ತುಮಕೂರಿನ ತಂದೆ: ನಮ್ಮದು ಹೊರಗಿನ ಸಂಬಂಧ. ನಮಗ್ಯಾಕೆ ಬಂತು? ಸುಮ್ನೆ ಬಾಯಿಗೆ ಬಂದದ್ದು ಬರೀಬೇಡಿ.

ಬಳ್ಳಾರಿಯ ಸದಸ್ಯರು: ನಿಮಗೆ ಹೇಳಿದ್ದಲ್ಲ.

ತುಮಕೂರಿನ ತಂದೆ: ಮತ್ಯಾರಿಗೆ? ಆ ತಾಯಿಗಾ?

ಡಾಕ್ಟರ್: ಇಬ್ಬರೂ ನಿಲ್ಲಿಸಿ. ತಂದೆತಾಯಿ ಇಬ್ಬರಲ್ಲೂ ಅದೇ ಜೀನಿನ ಒಂದು ಪ್ರತಿ ಕೆಟ್ಟಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಸಂಬಂಧದಲ್ಲಿ ಮದುವೆಯಾದರೆ ಅಪಾಯ ಜಾಸ್ತಿ, ನಿಜ. ಹೊರಗಿನ ಸಂಬಂಧದಲ್ಲೂ ಬರುತ್ತದೆ. ಮಗುವಿನ ತಾಯಿಯನ್ನು ದೂರಲು ಈ ಗುಂಪು ಇರುವುದಲ್ಲ.

ಶಿವಮೊಗ್ಗದ ಸದಸ್ಯೆ: ಸ್ಟೆಮ್ ಸೆಲ್ ಇಂಜೆಕ್ಷನ್ ಒಂದು ಸಲ ಸಾಕಾ?

ಡಾಕ್ಟರ್: ಮೇಲೆ ಓದಿ. ಬೇಡ.

ತುಮಕೂರಿನ ತಂದೆ: ಖರ್ಚು ಕೇಳಿದ್ದೆ ಮೇಡಂ.

ಹಾಸನದ ತಾಯಿ: ಮುಂಗಡ ಕಟ್ಟಲ್ಲ ಮೇಡಂ. ಈಗ ಬೆನ್ನ ಮೇಲೆ ದೊಡ್ಡ ಗುಳ್ಳೆ ಎದ್ದಿದೆ. ಹಾಗೇ ಬಿಡಲಾ?

ಡಾಕ್ಟರ್: ಬಿಡಬೇಡಿ, ಹಿಗ್ಗುತ್ತದೆ. ಸ್ಟೆರೈಲ್ ಸೂಜಿಯಿಂದ ಕೆಳ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ. ಮೇಲಿನ ಸಿಪ್ಪೆ ಕೀಳಬೇಡಿ. ಅಂಟದ ಡ್ರೆಸಿಂಗ್ ಇಟ್ಟು ಬಟ್ಟೆ ಸುತ್ತಿ, ಚರ್ಮಕ್ಕೆ ಟೇಪ್ ತಾಗಿಸಬೇಡಿ. ಜ್ವರ ಇದೆಯಾ?

ಹಾಸನದ ತಾಯಿ: ರಾತ್ರಿಯಿಂದ ಮೈ ಬಿಸಿ ಇದೆ.

ಡಾಕ್ಟರ್: ಹಾಗಾದರೆ ಈಗಲೇ ಆಸ್ಪತ್ರೆಗೆ ಹೊರಡಿ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಮೆತ್ತನೆ ಹಾಸಿಗೆ ಸಮೇತ ಎತ್ತಿಕೊಳ್ಳಿ.