ದೊಡ್ಡಪ್ಪ ಕಳಿಸಿದ 13.3%

ದೊಡ್ಡಪ್ಪ: [ಫಾರ್ವರ್ಡ್ ಆದ ಚಿತ್ರ: "100ಕ್ಕೆ ಕೊಂಡ ಮನೆ 15 ವರ್ಷಕ್ಕೆ 300! ವರ್ಷಕ್ಕೆ 13.3% ಲಾಭ. ಬ್ಯಾಂಕು ಕೊಡುವುದು ಬರೀ 7%."]

ದೊಡ್ಡಪ್ಪ: ಎಲ್ಲರೂ ಓದಿ. ನಮ್ಮ ಬಾಡಿಗೆ ಮನೆದೂ ಇದೇ ಕಥೆ. ಆಗ 100 ಅಂದ್ರೆ ಈಗ 300.

ಅಕ್ಕ: 👏👏

ನಾನು: ದೊಡ್ಡಪ್ಪ, 200 ಲಾಭವನ್ನು 15ರಿಂದ ಭಾಗಿಸಿ 13.3 ಅಂದಿದ್ದಾರೆ. ಅದು ತಪ್ಪು. ಬ್ಯಾಂಕಿನ 7% ಚಕ್ರಬಡ್ಡಿ. ಅದೇ 100 ಅಲ್ಲಿದ್ದಿದ್ದರೆ 15 ವರ್ಷಕ್ಕೆ 276 ಆಗುತ್ತಿತ್ತು. ಮನೆಯನ್ನೂ ಅದೇ ತಕ್ಕಡಿಯಲ್ಲಿ ತೂಗಿದರೆ 7.6% ಬರುತ್ತದೆ.

ದೊಡ್ಡಪ್ಪ: ಮೂರು ಪಟ್ಟು ಆಗಿರೋದು ಸುಳ್ಳಾ?

ನಾನು: ಸುಳ್ಳಲ್ಲ. ಎಷ್ಟು ವರ್ಷಕ್ಕೆ ಆಯ್ತು ಅನ್ನೋದು ಮುಖ್ಯ ಅಲ್ವಾ? ಇನ್ನೊಂದು, ನಿಮ್ಮ ಕೈ ಬಿಟ್ಟಿದ್ದು ಬರೀ 100 ಅಲ್ಲ. ನೋಂದಣಿ, ಕಮಿಷನ್ ಸೇರಿ 108 ಅಂದುಕೊಳ್ಳಿ. ಮಾರುವಾಗ ತೆರಿಗೆ, ಕಮಿಷನ್ ಹೋಗಿ ಕೈಗೆ 280. ಅಲ್ಲಿಗೆ 6.6%.

ಚಿಕ್ಕಮ್ಮ: ಏಳನೇ ವರ್ಷ ಮಾಳಿಗೆ ಸೋರಿ ಪೂರ್ತಿ ರಿಪೇರಿ ಮಾಡಿಸಿದ್ರಲ್ಲ ಭಾವ, ಅದು ಯಾವ ಲೆಕ್ಕಕ್ಕೆ?

ದೊಡ್ಡಪ್ಪ: ಅದು ಖರ್ಚು. ಹೂಡಿಕೆ ಅಲ್ಲ.

ನಾನು: ಜೇಬು ಒಂದೇ ದೊಡ್ಡಪ್ಪ 😄 ಅದಕ್ಕೆ 20 ಅಂತ ಇಟ್ಟು ಶೀಟಿನಲ್ಲಿ ಹಾಕಿದೆ. ದುಡ್ಡು ಬೇರೆ ಬೇರೆ ವರ್ಷ ಹೋಗಿ ಬಂದಾಗ ಸರಳ ಭಾಗಾಕಾರ ಕೆಲಸಕ್ಕೆ ಬರಲ್ಲ, ಪ್ರತಿ ಮೊತ್ತದ ತಾರೀಕು ನೋಡಿ ವರ್ಷದ ದರ ಹುಡುಕುವ ಶೀಟಿನ ಸೂತ್ರ ಎಕ್ಸ್‌ಐಆರ್‌ಆರ್ ಬೇಕು. 5.7% ಬಂತು.

ಭಾವ: ಅಂದ್ರೆ ಬ್ಯಾಂಕೇ ವಾಸಿ.

ದೊಡ್ಡಪ್ಪ: ತಾಳ್ರಪ್ಪಾ! ಬಾಡಿಗೆ ಎಲ್ಲಿ ಹೋಯ್ತು? 15 ವರ್ಷ ಬಂದಿದೆ. ಅದನ್ನ ನುಂಗಿಬಿಟ್ರಾ?

ಇಲ್ಲಿ ದೊಡ್ಡಪ್ಪ ಹೇಳಿದ್ದೇ ಸರಿ. ಲಾಭ ಜಾಸ್ತಿ ತೋರಿಸುವವರು ಖರ್ಚು ಮರೆಯುತ್ತಾರೆ. ನಾನು ಕಡಿಮೆ ತೋರಿಸುವ ಹುರುಪಿನಲ್ಲಿ ಬಾಡಿಗೆಯನ್ನೇ ಮರೆತಿದ್ದೆ.

ನಾನು: ತಪ್ಪಾಯ್ತು. ವರ್ಷಕ್ಕೆ 5 ಬಾಡಿಗೆ. ಒಂದು ತಿಂಗಳು ಮನೆ ಖಾಲಿ, ತೆರಿಗೆ, ವಿಮೆ, ನಲ್ಲಿ, ಸುಣ್ಣಬಣ್ಣ ಕಳೆದು 3 ಉಳಿಯಿತು ಅನ್ನೋಣ. ಸುಲಭಕ್ಕೆ ಎಲ್ಲ ವರ್ಷವೂ ಅಷ್ಟೇ.

ದೊಡ್ಡಪ್ಪ: ಬಾಡಿಗೆ ಏರಿಸದೆ ಸುಮ್ನೆ ಕೂತಿದ್ನಾ ನಾನು?

ನಾನು: ಆ ಚೀಟಿ ಕಳಿಸಿ, ಅದನ್ನೂ ಹಾಕ್ತೀನಿ. ಸದ್ಯಕ್ಕೆ ಬಂದಿದ್ದು... 7.6%.

ಭಾವ: ಸುತ್ತಿ ಸುತ್ತಿ ಅಲ್ಲಿಗೇ ಬಂದ್ಯಲ್ಲೋ! 😂

ದೊಡ್ಡಪ್ಪ: ನೋಡಿದ್ರಾ? ಬ್ಯಾಂಕಿಗಿಂತ ಜಾಸ್ತಿ!

ಅಕ್ಕ: ದೊಡ್ಡಪ್ಪ, ಅರ್ಧ ಪರ್ಸೆಂಟ್ ಜಾಸ್ತಿಗೆ 15 ವರ್ಷ ಬಾಡಿಗೆದಾರರ ಫೋನ್ ಎತ್ತಿದ್ರಿ. ಬ್ಯಾಂಕು ಯಾವತ್ತೂ ರಾತ್ರಿ ಹನ್ನೊಂದಕ್ಕೆ ಮೋಟಾರ್ ಕೆಟ್ಟಿದೆ ಅನ್ನಲ್ಲ.

ದೊಡ್ಡಪ್ಪ: ಸಾಲ ಮಾಡಿ ತಗೊಂಡಿದ್ರೆ ಇನ್ನೂ ಲಾಭ ಇತ್ತು. 20 ನಮ್ಮದು, 80 ಸಾಲ. ಬೆಲೆ ಹತ್ತು ಏರಿದ್ರೆ ನಮ್ಮ 20, 30 ಆಗುತ್ತೆ!

ನಾನು: ಬಡ್ಡಿ ಬಿಟ್ಟು. ಹತ್ತು ಇಳಿದ್ರೆ ಅದೇ 20, 10 ಆಗುತ್ತೆ.

ಭಾವ: ಆ ಭಾಗ ಫಾರ್ವರ್ಡ್ ಆಗಲ್ಲ.

ಚಿಕ್ಕಮ್ಮ: ಅದಿರಲಿ, ಈಗ 300 ಬಾಳುತ್ತೆ ಅಂತ ಹೇಳಿದ್ದು ಯಾರು ಭಾವ?

ದೊಡ್ಡಪ್ಪ: ಪಕ್ಕದ ಮನೆಯವರು. ಅವರದೂ ಅಷ್ಟೇ ಅಳತೆ, ಅದೇ ರೇಟು.

ಚಿಕ್ಕಮ್ಮ: ಅವರದು ಮಾರಾಟ ಆಯ್ತಾ?

ದೊಡ್ಡಪ್ಪ ಟೈಪ್ ಮಾಡುತ್ತಿದ್ದರು. ನಿಲ್ಲಿಸಿದರು. ಮತ್ತೆ ಶುರು ಮಾಡಿದರು. ಅಷ್ಟರಲ್ಲಿ ನಾನು, ಮನೆ 300ಕ್ಕೆ ಹೋಗದೆ ಕಡಿಮೆಗೆ ಮಾರಾಟವಾದರೆ ಅಂತ, ಕೈಗೆ ಬರುವ 280 ಅಳಿಸಿ 232 ಹಾಕಿ ನೋಡಿದೆ. 6.3%. ಗುಂಪಿಗೆ ಹಾಕಲಿಲ್ಲ.

ದೊಡ್ಡಪ್ಪ: ಎರಡು ವರ್ಷದಿಂದ ಬೋರ್ಡು ಇದೆ.