ಆರು ವರ್ಷದ ಪ್ಲೇಲಿಸ್ಟ್ ಎತ್ತಿಕೊಂಡು ಬೇರೆ ಆ್ಯಪ್‌ಗೆ ಹೋಗಬೇಕು, ಯಾವುದಕ್ಕೆ?

ಘಟ್ಟದಮೇಲಿನವ:
ಆರು ವರ್ಷದಿಂದ ಒಂದೇ ಮ್ಯೂಸಿಕ್ ಆ್ಯಪ್‌ಗೆ ದುಡ್ಡು ಕಟ್ಟುತ್ತಿದ್ದೇನೆ. ಹೆಸರು ಬೇಡ ಬಿಡಿ. ಮೊನ್ನೆ ಅಪ್ಪನ ಜೊತೆ ಶಿರಸಿಯಿಂದ ಕುಮಟಾಕ್ಕೆ ಹೊರಟಿದ್ದೆ. ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ ಅಂತ ಹಿಂದಿನ ರಾತ್ರಿಯೇ ಇನ್ನೂರು ಹಾಡು ಡೌನ್‌ಲೋಡ್ ಮಾಡಿದ್ದೆ. ಘಟ್ಟ ಇಳಿಯುತ್ತಾ ನೋಡಿದರೆ ಅರ್ಧ ಹಾಡುಗಳು ಬೂದು ಬಣ್ಣಕ್ಕೆ ತಿರುಗಿವೆ, ಒತ್ತಿದರೆ ಉಸಿರಿಲ್ಲ. ಅಪ್ಪ ಕಿಟಕಿ ಕಡೆ ನೋಡುತ್ತಾ, "ಕ್ಯಾಸೆಟ್ ಸುತ್ತಿಕೊಂಡರೆ ಪೆನ್ಸಿಲ್ ಸಾಕಿತ್ತು" ಅಂದರು.

ಇನ್ನೊಂದು ತಾಪತ್ರಯ. ಅಪ್ಪ, ನಾನು, ಏಳು ವರ್ಷದ ಮಗಳು, ಮೂವರಿಗೂ ಒಂದೇ ಅಕೌಂಟ್. ಮಲ್ಲಿಕಾರ್ಜುನ ಮನ್ಸೂರರ ರಾಗ ಮುಗಿಯುತ್ತಿದ್ದ ಹಾಗೆ ಬಾತುಕೋಳಿ ಹಾಡು ಶುರುವಾಗುತ್ತದೆ. ಅಪ್ಪನಿಗೆ ಪಿ.ಬಿ. ಶ್ರೀನಿವಾಸ್, ಮನ್ಸೂರರು, ತಾಳಮದ್ದಳೆ ಬೇಕು. ನನಗೆ ಭಾವಗೀತೆ. ಪ್ಲೇಲಿಸ್ಟ್‌ನಲ್ಲಿ 842 ಹಾಡುಗಳಿವೆ, ಮತ್ತೆ ಒಂದೊಂದಾಗಿ ಹುಡುಕುವ ತಾಳ್ಮೆ ಇಲ್ಲ. ಬದಲಾಯಿಸಿದವರು ಯಾರಾದರೂ ಇದ್ದೀರಾ?

ತಂತಿ_ಇಯರ್‌ಫೋನ್:
ಸೌಂಡ್ ಮುಖ್ಯ ಅಂದರೆ ಆ್ಯಪಲ್ ಮ್ಯೂಸಿಕ್ ನೋಡಿ. ಆಂಡ್ರಾಯ್ಡ್‌ನಲ್ಲೂ ಇದೆ. 2021ರಿಂದ ಲಾಸ್‌ಲೆಸ್‌ಗೆ, ಅಂದರೆ ಧ್ವನಿಯಲ್ಲಿ ಏನೂ ಕಳೆಯದ ಫೈಲಿಗೆ, ಬೇರೆ ದುಡ್ಡು ತೆಗೆದುಕೊಳ್ಳುತ್ತಿಲ್ಲ, 24 ಬಿಟ್ 192 ಕಿಲೋಹರ್ಟ್ಸ್ ತನಕ ಸಿಗುತ್ತದೆ. ಆದರೆ ಕಾರಿನ ಬ್ಲೂಟೂತ್‌ನಲ್ಲಿ ಕೇಳುವುದಾದರೆ ಅದೆಲ್ಲ ವ್ಯರ್ಥ, ಬ್ಲೂಟೂತ್ ಮತ್ತೆ ಹಿಂಡಿಯೇ ಕಳಿಸುತ್ತದೆ. ತಂತಿ ಹಾಕಿದರೆ ಮಾತ್ರ ವ್ಯತ್ಯಾಸ. ಹಳೇ ಮನ್ಸೂರರ ಧ್ವನಿಮುದ್ರಣದಲ್ಲಿ ಲಾಸ್‌ಲೆಸ್ ಹಾಕಿದರೆ ನಿಮಗೆ ಜಾಸ್ತಿ ಸಿಗುವುದು ಟೇಪಿನ ಸುಯ್ ಸದ್ದು ಅಷ್ಟೇ! 320 ಕೆಬಿಪಿಎಸ್ ಗುಣಮಟ್ಟ ಸಾಕು, ಗಂಟೆಗೆ ಸುಮಾರು 144 ಎಂಬಿ ಡೇಟಾ.

ಬಾತುಕೋಳಿಗೆ ಮದ್ದು ಫ್ಯಾಮಿಲಿ ಪ್ಲಾನ್. ಆ್ಯಪಲ್‌ನಲ್ಲೂ ಯೂಟ್ಯೂಬ್ ಮ್ಯೂಸಿಕ್‌ನಲ್ಲೂ ಒಟ್ಟು ಆರು ಜನ, ಪ್ರತಿಯೊಬ್ಬರ ರುಚಿ ಬೇರೆ ಬೇರೆಯಾಗಿ ಉಳಿಯುತ್ತದೆ.

ಕುಂದಾಪ್ರ_ಕ್ಯಾಸೆಟ್:
ಎಂತ ಮಾರಾಯ್ರೆ, ತಾಳಮದ್ದಳೆ ಬೇಕು ಅಂದ ಮೇಲೆ ಬೇರೆ ಯೋಚನೆ ಯಾಕೆ? ಯೂಟ್ಯೂಬ್ ಮ್ಯೂಸಿಕ್. ನಮ್ಮ ಕಡೆಯ ಅಭಿಮಾನಿಗಳು ರಾತ್ರಿಯಿಡೀ ಕೂತು ರೆಕಾರ್ಡ್ ಮಾಡಿದ್ದೆಲ್ಲ ಯೂಟ್ಯೂಬ್‌ಗೇ ಹೋಗಿದೆ. ಅಂಥವು ಬೇರೆ ಆ್ಯಪ್‌ಗಳಿಗೆ ಬರುವುದು ಕಡಿಮೆ. ಇನ್ನೊಂದು ಅನುಕೂಲ, ನಿಮ್ಮ ಸ್ವಂತ ಫೈಲ್ ಹಾಕಿಕೊಳ್ಳಬಹುದು. ಒಂದು ಲಕ್ಷ ಹಾಡಿನ ತನಕ. ನಿಮಗೆ ಮಾತ್ರ ಕಾಣುತ್ತವೆ. ಫೋನಿನಿಂದ ಆಗುವುದಿಲ್ಲ, ಕಂಪ್ಯೂಟರ್ ಬ್ರೌಸರ್‌ನಿಂದ ಹಾಕಬೇಕು. ನಮ್ಮ ಮನೆಯಲ್ಲಿದ್ದ ಯಕ್ಷಗಾನ ಭಾಗವತ ಕಾಳಿಂಗ ನಾವಡರ ಕ್ಯಾಸೆಟ್‌ಗಳನ್ನು ಎಂಪಿ3 ಮಾಡಿ ಹಾಗೇ ಹಾಕಿದ್ದೇನೆ. ಬಿ ಸೈಡಿನ ನಡುವೆ ಅಮ್ಮ ಯಾರನ್ನೋ ಊಟಕ್ಕೆ ಕರೆದದ್ದು ಕೂಡ ಅದರಲ್ಲಿದೆ.

ಕಾಗುಣಿತ_ಕಾಟ:
ಸ್ಪಾಟಿಫೈ ಬಿಟ್ಟು ಹೋಗಿ ವಾಪಸ್ ಬಂದವಳು ನಾನು. ಫೋನಿನಲ್ಲಿ ಒತ್ತಿ ಟಿವಿಯಲ್ಲೋ ಸ್ಪೀಕರ್‌ನಲ್ಲೋ ಹಾಡಿಸುವುದು, ಸೋಮವಾರ ಬರುವ ಹೊಸ ಹಾಡುಗಳ ಪಟ್ಟಿ, ಎರಡಕ್ಕೂ ಒಗ್ಗಿಬಿಟ್ಟಿದ್ದೆ. ಆದರೆ ಡೌನ್‌ಲೋಡ್ ಉಳಿಯಬೇಕಾದರೆ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಬರಲೇಬೇಕು, ನೆನಪಿರಲಿ.

ಪ್ಲೇಲಿಸ್ಟ್ ಸಾಗಿಸುವ ಸೈಟುಗಳಿವೆ. ಹಾಡಿನ ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಅಂತ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದು ಹೊಂದಿದರೆ ಅದೇ ಹಾಡು ಬರುತ್ತದೆ. ಇಲ್ಲದಿದ್ದರೆ ಹೆಸರು ನೋಡಿ ಅಂದಾಜು. ನಮ್ಮವರ ತೊಂದರೆ ಇರುವುದು ಅಲ್ಲೇ. ಸಿ. ಅಶ್ವಥ್ ಅಂತ ಇಂಗ್ಲಿಷ್‌ನಲ್ಲಿ ಬರೆಯುವಾಗ ಒಬ್ಬರು ಒಂದು ಟಿ, ಇನ್ನೊಬ್ಬರು ಎರಡು ಟಿ, ಮತ್ತೊಬ್ಬರು ಎಸ್ ಮುಂದಿನ ಎಚ್ ನುಂಗಿರುತ್ತಾರೆ. ಒಬ್ಬರೇ ಗಾಯಕರಿಗೆ ಮೂರು ಪುಟ! ಹಾಡಿನ ಹೆಸರಿನಿಂದ ಹುಡುಕಿ. ಕನ್ನಡ ಲಿಪಿಯಲ್ಲಿ ಹಾಕಿ ಸಿಗದಿದ್ದರೆ ಇಂಗ್ಲಿಷ್‌ನಲ್ಲೂ ಹಾಕಿ ನೋಡಿ. ಹಳೇದನ್ನು ತಕ್ಷಣ ರದ್ದು ಮಾಡಬೇಡಿ, ಒಂದು ತಿಂಗಳು ಎರಡೂ ಇರಲಿ. ಆ್ಯಪ್‌ಗಳಿಗೂ ಆಯಸ್ಸು ಅಂತ ಇದೆ. ರೆಸ್ಸೊ, ವಿಂಕ್ ಎರಡೂ 2024ರಲ್ಲಿ ನಮ್ಮಲ್ಲಿ ಮುಚ್ಚಿದವು. ಪಟ್ಟಿಯನ್ನು ಒಂದು ಫೈಲಿನಲ್ಲಿ ಇಳಿಸಿಟ್ಟುಕೊಳ್ಳಿ.

ಘಟ್ಟದಮೇಲಿನವ:
ಎರಡು ವಾರ ಆಯಿತು. ಯೂಟ್ಯೂಬ್ ಮ್ಯೂಸಿಕ್‌ಗೆ ಹೋದೆ, ಫ್ಯಾಮಿಲಿ ಪ್ಲಾನ್. ತಾಳಮದ್ದಳೆಯ ಬಗ್ಗೆ ಕುಂದಾಪ್ರದವರು ಹೇಳಿದ್ದು ಸರಿ, ಅಪ್ಪ ಇಡೀ ಮಧ್ಯಾಹ್ನ ಎದ್ದೇ ಇಲ್ಲ. ಮಗಳ ಬಾತುಕೋಳಿ ಅವಳ ಅಕೌಂಟ್‌ನಲ್ಲೇ ಈಜುತ್ತಿದೆ.

842ರಲ್ಲಿ 61 ಹಾಡು ಬರಲಿಲ್ಲ. ಅದಕ್ಕಿಂತ ಮಜಾ ಎಂದರೆ, ಬಂದವುಗಳಲ್ಲಿ ಕೆಲವು ಹೆಸರು ಒಂದೇ, ಹಾಡು ಬೇರೆ. ನಿನ್ನೆ ಕಾರಿನಲ್ಲಿ ಅಪ್ಪನಿಗೆ ಇಷ್ಟದ ಪಿ.ಬಿ.ಎಸ್. ಹಾಡು ಹಾಕಿದೆ. ಶುರುವಿನ ಸಂಗೀತ ಸರಿಯಾಗಿಯೇ ಬಂತು. ಆಮೇಲೆ ದನಿಯೇ ಇಲ್ಲ. ಕರೋಕೆ! ತೆಗೆಯೋಣ ಅಂತ ಕೈ ಚಾಚಿದೆ, ಅಪ್ಪ ಕೈ ತಡೆದು ತಾವೇ ಹಾಡಿದರು. ಎರಡನೇ ಚರಣದಲ್ಲಿ ಒಂದು ಸಾಲು ಮರೆತು, ಹೂಂ ಹೂಂ ಅಂತ ದಾಟಿಸಿದರು.

ಸರಿಯಾದ ಹಾಡು ಆಮೇಲೆ ಹುಡುಕಿದೆ, ಸಿಕ್ಕಿತು. ಕರೋಕೆಯದನ್ನೂ ಅಳಿಸಿಲ್ಲ.