ಬೈಕ್ ಎಂಜಿನ್ ವೈಬ್ರೇಶನ್ ಡೇಟಾ: ಒಂದು ಬಾರ್ ಬರಬೇಕಾದ ಕಡೆ ಎರಡು ಬರುತ್ತಿದೆ

ಸೈಲೆನ್ಸರ್_ಹಾಸನ:

ಎಲ್ಲರಿಗೂ ನಮಸ್ಕಾರ. ನನ್ನದು ಒಂದೇ ಸಿಲಿಂಡರ್‌ನ ಫೋರ್ ಸ್ಟ್ರೋಕ್ ಬೈಕ್. ಎಂಜಿನ್ ಪಕ್ಕದ ಫ್ರೇಮ್‌ಗೆ ಎಡಿಎಕ್ಸ್‌ಎಲ್345 ಸೆನ್ಸರ್ ಬಿಗಿಯಾಗಿ ಕಟ್ಟಿ ವೈಬ್ರೇಶನ್ ರೆಕಾರ್ಡ್ ಮಾಡಿದ್ದೇನೆ. ಸೆಕೆಂಡಿಗೆ 800 ರೀಡಿಂಗ್, ಒಟ್ಟು 20 ಸೆಕೆಂಡ್. ಐಡ್ಲಿಂಗ್ 1500 ಆರ್‌ಪಿಎಂ ಆಸುಪಾಸು. ಮಿಸ್‌ಫೈರ್ ಆಗುತ್ತಿದೆಯಾ, ಅಂದರೆ ಪೆಟ್ರೋಲ್ ಹೊತ್ತಿಕೊಳ್ಳದೆ ಫೈರಿಂಗ್ ತಪ್ಪುತ್ತಿದೆಯಾ ಅಂತ ಡೇಟಾದಿಂದಲೇ ಹಿಡಿಯಬೇಕು ಅನ್ನೋದು ಆಸೆ.

ಸಿಗ್ನಲ್ ಮತ್ತೆ ಮತ್ತೆ ಅದೇ ಥರ ಬರುತ್ತಿದ್ದರೆ, ಅದರ ಮೇಲೆ ಒಂದು ವಿಂಡೋ ಜಾರಿಸುತ್ತಾ ಹೋಗಿ ಪ್ರತಿ ವಿಂಡೋವನ್ನೂ ಒಂದು ಬಿಂದು ಅಂತ ತೆಗೆದುಕೊಂಡರೆ, ಬಿಂದುಗಳೆಲ್ಲ ಸೇರಿ ಒಂದು ಸುತ್ತು ಆಗುತ್ತವೆ. ಹತ್ತಿರದ ಬಿಂದುಗಳನ್ನು ಜೋಡಿಸುವ ಅಳತೆಯನ್ನು ಹಿಗ್ಗಿಸುತ್ತಾ, ತೂತುಗಳು ಯಾವ ಅಳತೆಗೆ ಹುಟ್ಟಿ ಯಾವ ಅಳತೆಗೆ ಮುಚ್ಚಿ ಸಾಯುತ್ತವೆ ಅಂತ ನೋಡುವ ಲೆಕ್ಕಕ್ಕೆ ಪರ್ಸಿಸ್ಟೆಂಟ್ ಹೋಮಾಲಜಿ ಅಂತಾರೆ. ಆ ಸುತ್ತಿನ ನಡುವಿನ ತೂತು ಅದರಲ್ಲಿ ಒಂದು ಉದ್ದನೆಯ ಎಚ್1 ಬಾರ್ (ಹುಟ್ಟಿನಿಂದ ಸಾವಿನವರೆಗಿನ ಗೆರೆ) ಆಗಿ ಕಾಣಬೇಕು. ಇಷ್ಟು ಓದಿಕೊಂಡು ಶುರು ಮಾಡಿದೆ.

ಪೂರ್ತಿ ಡೇಟಾವನ್ನು ಈ ಲೆಕ್ಕ ಮಾಡುವ ಪೈಥಾನ್‌ನ ರಿಪ್ಸರ್ ಲೈಬ್ರರಿಗೆ ಮ್ಯಾಕ್ಸ್‌ಡಿಮ್ (ಎಷ್ಟು ಆಯಾಮದ ತೂತಿನವರೆಗೆ ಹುಡುಕಬೇಕು ಅನ್ನೋ ಆಯ್ಕೆ) 2 ಇಟ್ಟು ಕೊಟ್ಟರೆ 8 ಜಿಬಿ ಲ್ಯಾಪ್‌ಟಾಪ್ ನಿಂತೇ ಹೋಗುತ್ತದೆ. ಎರಡು ಸೆಕೆಂಡಿನ ತುಂಡು ಕೊಟ್ಟರೆ ಓಡುತ್ತದೆ, ಆದರೆ ಒಂದರ ಬದಲು ಎರಡು ದೊಡ್ಡ ಬಾರ್ ಬರುತ್ತಿವೆ. ವಿಂಡೋ 32 ರೀಡಿಂಗ್, ಅಂದರೆ ಕ್ರ್ಯಾಂಕ್‌ನ ಒಂದು ಸುತ್ತು. ಎರಡನೇ ತೂತು ಎಲ್ಲಿಂದ ಬಂತು?

ಬಿಂದುಮೋಡ:

ಮೊದಲು ಲ್ಯಾಪ್‌ಟಾಪ್ ವಿಷಯ. 16,000 ಬಿಂದುಗಳಲ್ಲಿ ಪ್ರತಿಯೊಂದಕ್ಕೂ ಪ್ರತಿಯೊಂದರ ದೂರ ಬರೆದಿಟ್ಟರೆ 25.6 ಕೋಟಿ ಸಂಖ್ಯೆ. ಒಂದಕ್ಕೆ 8 ಬೈಟ್ ಹಿಡಿದರೂ ಆ ಪಟ್ಟಿಗೇ 2 ಜಿಬಿ ಬೇಕು, ಲೆಕ್ಕ ಇನ್ನೂ ಶುರುವೇ ಆಗಿಲ್ಲ. ಮ್ಯಾಕ್ಸ್‌ಡಿಮ್ 2 ಅಂದರೆ ನಾಲ್ಕು ನಾಲ್ಕು ಬಿಂದುಗಳ ಗುಂಪುಗಳನ್ನೂ ನೋಡಬೇಕು. ಸುತ್ತು ಹುಡುಕೋಕೆ ಅದು ಬೇಡ, 1 ಸಾಕು. ಎನ್-ಪರ್ಮ್ ಅನ್ನೋ ಆಯ್ಕೆಗೆ 500 ಕೊಡಿ. ಆದಷ್ಟು ದೂರ ದೂರ ಇರುವ 500 ಬಿಂದುಗಳನ್ನು ಅದೇ ಆರಿಸಿಕೊಳ್ಳುತ್ತದೆ. ಒಂದು ಎಚ್ಚರಿಕೆ: ದೂರ ಇರುವುದನ್ನೇ ಆರಿಸುವುದರಿಂದ ಗುಂಪು ಬಿಟ್ಟು ಆಚೆ ಬಿದ್ದಿರುವ ಕೆಟ್ಟ ರೀಡಿಂಗ್‌ಗಳು ಮೊದಲು ಆಯ್ಕೆ ಆಗುತ್ತವೆ. ಅವನ್ನು ಮುಂಚೆಯೇ ತೆಗೆದುಬಿಡಿ.

ಪ್ರತಿ ವಿಂಡೋದಿಂದ ಅದರ ಸರಾಸರಿ ಕಳೆದು, ಪ್ರತಿ ಬಿಂದುವೂ ಸೊನ್ನೆಯಿಂದ 1ರಷ್ಟು ದೂರ ಇರುವ ಹಾಗೆ ಭಾಗಿಸುತ್ತಿದ್ದೀರಾ? ಹಾಗೆ ಮಾಡಿದರೆ ಬಾರ್ ಓದುವುದು ಸುಲಭ. ತ್ರಿಜ್ಯ 1 ಇರುವ ಪೂರ್ತಿ ದುಂಡನೆಯ ಸುತ್ತಿನ ಬಾರ್ 1.73ರ ಹತ್ತಿರ ಮುಗಿಯುತ್ತದೆ, ಅಂದರೆ 3ರ ವರ್ಗಮೂಲ. ಜಾಸ್ತಿ ಜನ ವ್ಯಾಸ 2 ಇರುವುದರಿಂದ 2ಕ್ಕೆ ಮುಗಿಯಬೇಕು ಅಂದುಕೊಳ್ಳುತ್ತಾರೆ. ಆದರೆ ವೃತ್ತದ ಒಳಗೆ ಕೂರುವ ಸಮಬಾಹು ತ್ರಿಭುಜದ ಬಾಹುವಿನಷ್ಟು ಅಳತೆ ಹಿಗ್ಗಿದ ತಕ್ಷಣ ತೂತು ಮುಚ್ಚಿಹೋಗುತ್ತದೆ.

ಟ್ಯಾಪೆಟ್_ತುಮಕೂರು:

ನನಗೆ ಈ ಟೋಪಾಲಜಿ, ಅಂದರೆ ಆಕಾರಗಳ ಗಣಿತ, ಗೊತ್ತಿಲ್ಲ, ಗ್ಯಾರೇಜ್ ಕೆಲಸ ಗೊತ್ತು. ಫೋರ್ ಸ್ಟ್ರೋಕ್‌ನಲ್ಲಿ ಒಂದು ಪೂರ್ತಿ ಕೆಲಸ ಮುಗಿಯೋಕೆ ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕು, 720 ಡಿಗ್ರಿ. ಒಂದು ಸುತ್ತಿನಲ್ಲಿ ಫೈರಿಂಗ್ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಹಾಗಾಗಿ ನಿಮ್ಮ ವಿಂಡೋ 32 ಅಲ್ಲ, 64ರ ಲೆಕ್ಕದಲ್ಲಿ ಇರಬೇಕಲ್ವಾ?

ಬಿಂದುಮೋಡ:

ಇದು ಬಹಳ ಮುಖ್ಯವಾದ ಮಾತು. ಗಣಿತಜ್ಞರಾದ ಹೋಸೆ ಪೆರಿಯಾ ಮತ್ತು ಜಾನ್ ಹಾರರ್ 2015ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ತೋರಿಸಿದ್ದೂ ಇದನ್ನೇ: ವಿಂಡೋ ಒಂದು ಪೂರ್ತಿ ಆವರ್ತಕ್ಕಿಂತ ಒಂಚೂರು ಕಡಿಮೆ ಇದ್ದಾಗ ಸುತ್ತು ಚೆನ್ನಾಗಿ ದುಂಡಗೆ ಬರುತ್ತದೆ. 62 ಇಟ್ಟು ನೋಡಿ. ಹಾಗೇ ಒಂದು ಎಫ್‌ಎಫ್‌ಟಿ (ಯಾವ ಆವರ್ತನ ಎಷ್ಟು ಜೋರು ಅಂತ ತೋರಿಸುವ ಲೆಕ್ಕ) ತೆಗೆದು ಎಲ್ಲೆಲ್ಲಿ ಶಿಖರ ಇದೆ ಹೇಳಿ.

ಸೈಲೆನ್ಸರ್_ಹಾಸನ:

ಎನ್-ಪರ್ಮ್ ಹಾಕಿದ ಮೇಲೆ ಪೂರ್ತಿ ಡೇಟಾ ಆರಾಮಾಗಿ ಓಡಿತು. ತುಂಬಾ ಥ್ಯಾಂಕ್ಸ್. ಎಫ್‌ಎಫ್‌ಟಿಯಲ್ಲಿ 25 ಹರ್ಟ್ಸ್‌ಗೆ ದೊಡ್ಡ ಶಿಖರ, 12.5ಕ್ಕೆ ಚಿಕ್ಕದು, ಸುಮಾರು ಮೂರನೇ ಒಂದು ಭಾಗದಷ್ಟು ಎತ್ತರ.

ವಿಂಡೋ 62 ಮಾಡಿದೆ, ಸರಾಸರಿ ಕಳೆದು ಭಾಗಿಸಿದೆ. ಪುಡಿ ಬಾರ್‌ಗಳೆಲ್ಲ ಹೋದವು. ಆದರೆ ಎರಡು ದೊಡ್ಡವು ಇನ್ನೂ ಇವೆ. ಒಂದು 0.18ರಲ್ಲಿ ಹುಟ್ಟಿ 0.66ರಲ್ಲಿ ಸಾಯುತ್ತದೆ. ಇನ್ನೊಂದು 0.66ರಲ್ಲಿ ಹುಟ್ಟಿ 1.5ರವರೆಗೆ ಇದೆ.

ಬಿಂದುಮೋಡ:

ಆ 0.66 ನೋಡಿ. ಒಂದು ಸತ್ತ ಜಾಗದಲ್ಲೇ ಇನ್ನೊಂದು ಹುಟ್ಟಿದೆ. ನಿಮ್ಮ ಡೇಟಾದಲ್ಲಿ ಎರಡು ತೂತಿಲ್ಲ. ಇರುವುದು ಒಂದೇ, ಅದರ ಸುತ್ತ ದಾರಿ ಎರಡು ಸಲ ಹೋಗಿದೆ.

ಜುಟ್ಟಿಗೆ ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕುತ್ತೇವಲ್ಲ, ಹಾಗೆ. ಬ್ಯಾಂಡ್ ಒಂದೇ, ಆದರೆ ಎಲ್ಲಿ ನೋಡಿದರೂ ಪಕ್ಕ ಪಕ್ಕ ಎರಡು ಎಳೆ. ನಿಮ್ಮ ಎಂಜಿನ್‌ನಲ್ಲಿ ಫೈರಿಂಗ್ ಇರುವ ಸುತ್ತು ಒಂದು ಎಳೆ, ಇಲ್ಲದ ಸುತ್ತು ಇನ್ನೊಂದು. 25 ಹರ್ಟ್ಸ್ ಜೋರಾಗಿರುವುದರಿಂದ ಎರಡೂ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತವೆ. 12.5 ಹರ್ಟ್ಸ್ ಅವನ್ನು ಸ್ವಲ್ಪ ದೂರ ಇಡುತ್ತದೆ.

ಅಳತೆ ಹಿಗ್ಗಿಸುತ್ತಾ ಹೋದ ಹಾಗೆ 0.66ರಲ್ಲಿ ಎರಡು ಎಳೆಗಳ ನಡುವಿನ ಜಾಗ ತುಂಬಿಕೊಳ್ಳುತ್ತದೆ. ಆಗ ಆಗುವುದು ಮೋಬಿಯಸ್ ಪಟ್ಟಿ, ಅಂದರೆ ಅರ್ಧ ತಿರುವು ಕೊಟ್ಟು ತುದಿಗಳನ್ನು ಅಂಟಿಸಿದ ಪಟ್ಟಿ. ಅದರ ಅಂಚು ನಡುಗೆರೆಯ ಸುತ್ತ ಎರಡು ಸಲ ಬರುತ್ತದೆ, ಅಂದರೆ ಅಂಚು = 2 × ನಡುಗೆರೆ. ರಿಪ್ಸರ್ ತಾನಾಗಿ ಲೆಕ್ಕ ಮಾಡುವುದು 2ರ ಶೇಷದಲ್ಲಿ, ಅಂದರೆ 2ರಿಂದ ಭಾಗಿಸಿ ಉಳಿದದ್ದನ್ನು ಮಾತ್ರ ಇಟ್ಟುಕೊಂಡು. ಅಲ್ಲಿ 2 ಅಂದರೆ 0. ಹಾಗಾಗಿ ಹಳೆಯ ಸುತ್ತು ಸತ್ತಿತು, ನಡುಗೆರೆ ಅನ್ನೋ ಹೊಸ ಸುತ್ತು ಹುಟ್ಟಿತು ಅಂತ ಅದು ಬರೆಯುತ್ತದೆ. 3ರ ಶೇಷದಲ್ಲಿ 2 ಸೊನ್ನೆ ಆಗಲ್ಲ. ಅದೇ ಸುತ್ತು ಮುಂದುವರಿಯುತ್ತದೆ. ಕೋಎಫ್ ಅನ್ನೋ ಆಯ್ಕೆಗೆ 3 ಕೊಟ್ಟು ಓಡಿಸಿ, ಬೇರೆ ಏನೂ ಬದಲಿಸಬೇಡಿ.

ಟೋರಸ್‌ಗೂ (ಬೈಕ್ ಟ್ಯೂಬಿನ ಆಕಾರ) ಕ್ಲೈನ್ ಬಾಟಲಿಗೂ (ಒಳಗೆ ಹೊರಗೆ ಅಂತ ಇಲ್ಲದ ಆಕಾರ) ವ್ಯತ್ಯಾಸ ತಿಳಿಯುವುದೂ ಹೀಗೇ. 2ರ ಲೆಕ್ಕದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, 3ಕ್ಕೆ ಹೋದರೆ ಬೇರೆಯಾಗುತ್ತವೆ. ಫೋಟೋಗಳ 3×3 ಪಿಕ್ಸೆಲ್ ತುಣುಕುಗಳಲ್ಲಿ ಕ್ಲೈನ್ ಬಾಟಲಿ ಅಡಗಿದೆ ಅಂತ ಗಣಿತಜ್ಞ ಗುನ್ನಾರ್ ಕಾರ್ಲ್ಸನ್ ಮತ್ತು ಜೊತೆಗಾರರು 2008ರಲ್ಲಿ ತೋರಿಸಿದ್ದರು. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಫಲಿತಾಂಶ ಅದು.

ಸೈಲೆನ್ಸರ್_ಹಾಸನ:

ಬಂತು! ಒಂದೇ ಬಾರ್, 0.18ರಿಂದ 1.5. ಸುಮ್ನೆ ಖಾತ್ರಿಗೆ ಕೃತಕ ಸಿಗ್ನಲ್ ಒಂದನ್ನೂ ಮಾಡಿದೆ, ಕಾಸ್ ಟಿ ಜೊತೆ 0.35 ಕಾಸ್ ಅರ್ಧ ಟಿ. ಅಲ್ಲೂ ಹೀಗೇ: 2ಕ್ಕೆ ಎರಡು ಬಾರ್, 3ಕ್ಕೆ ಒಂದು.

ಟ್ಯಾಪೆಟ್_ತುಮಕೂರು:

ಒಂದು ಸಂದೇಹ. 12.5 ಮತ್ತು 25 ಎಫ್‌ಎಫ್‌ಟಿಯಲ್ಲೇ ಕಂಡಿತಲ್ಲ. ಇಷ್ಟೆಲ್ಲ ಯಾಕೆ?

ಬಿಂದುಮೋಡ:

ಐಡ್ಲಿಂಗ್ ಒಂದೇ ವೇಗದಲ್ಲಿ ನಿಂತಿದ್ದರೆ ಎಫ್‌ಎಫ್‌ಟಿ ಸಾಕು, ಅದನ್ನೇ ಬಳಸಿ. ವೇಗ ಏರಿಳಿದಾಗ ಶಿಖರಗಳು ಅಗಲವಾಗಿ ಒಂದರೊಳಗೊಂದು ಸೇರಿಕೊಳ್ಳುತ್ತವೆ. ವೇಗ ಮೆಲ್ಲಗೆ ಬದಲಾದರೆ ಸುತ್ತು ಸ್ವಲ್ಪ ಸೊಟ್ಟ ಆಗಬಹುದು, ಆದರೆ ಸುತ್ತಾಗಿಯೇ ಉಳಿಯುತ್ತದೆ.

ಹಾಸನದವರೇ, 2ರ ಲೆಕ್ಕವನ್ನು ಬಿಸಾಡಬೇಡಿ. ಸುತ್ತು ನಿಜವಾಗಿಯೂ ಒಂದೇ ಅಂತ ಹೇಳುವುದು 3. ಫೈರಿಂಗ್ ಇರುವ ಸುತ್ತಿಗೂ ಇಲ್ಲದ ಸುತ್ತಿಗೂ ಎಷ್ಟು ದೂರ ಅಂತ ಹೇಳುವುದು 2ರಲ್ಲಿ ಬಂದ ಆ 0.66. ಮಿಸ್‌ಫೈರ್ ಆದಾಗ ಎರಡು ಸುತ್ತುಗಳ ನಡುವಿನ ವ್ಯತ್ಯಾಸ ಕಡಿಮೆಯಾಗುತ್ತದೆ, ಎಳೆಗಳು ಹತ್ತಿರ ಬರುತ್ತವೆ. ಡೇಟಾವನ್ನು ಎರಡೆರಡು ಸೆಕೆಂಡಿನ ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಮೊದಲ ಬಾರ್ ಎಲ್ಲಿ ಸಾಯುತ್ತದೆ ಅಂತ ಬರೆದುಕೊಳ್ಳಿ. ಒಂದೆರಡು ಫೈರಿಂಗ್ ತಪ್ಪಿದರೆ ಇದರಲ್ಲಿ ಸಿಗಲಿಕ್ಕಿಲ್ಲ. ಸತತವಾಗಿ ತಪ್ಪುತ್ತಿದ್ದರೆ ಆ ತುಂಡಿನಲ್ಲಿ ಸಂಖ್ಯೆ ಇಳಿಯಬೇಕು.

ಸೈಲೆನ್ಸರ್_ಹಾಸನ:

ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಚೋಕ್ ಎಳೆದು ಒಂದು ರೆಕಾರ್ಡಿಂಗ್, ಬಿಸಿಯಾದ ಮೇಲೆ ಇನ್ನೊಂದು ತೆಗೆಯುತ್ತೇನೆ. ಎರಡರ ಪಟ್ಟಿಯನ್ನೂ ಇಲ್ಲೇ ಹಾಕುತ್ತೇನೆ.